ಗುಜರಿಗೆ ಹೋಗದ ಕಸ: ಪಾಲಿಬೆಟ್ಟದ ತೋಟಸೀಮೆಯಲ್ಲಿ ಅಪಾಯಕಾರಿ ವಸ್ತುಗಳ ವಿಲೇವಾರಿ

ದಕ್ಷಿಣ ಕೊಡಗಿನಲ್ಲಿ ಸಿದ್ದಾಪುರ, ಅಮ್ಮತ್ತಿ, ಗೋಣಿಕೊಪ್ಪ, ತಿತಿಮತಿಗಳ ನಡುವೆ ಕಾಫಿ ತೋಟಗಳಿಂದ ಸುತ್ತುವರಿದಿರುವ ಪಾಲಿಬೆಟ್ಟವು ಭಾರತದ ಕಾಫಿಯ ಚರಿತ್ರೆಯಲ್ಲಿ ತನ್ನ ಗಾತ್ರವನ್ನು ಮೀರಿದ ಸ್ಥಾನ ಪಡೆದಿರುವ ಊರು. ಬಿದಿರುಮೆಳೆಗಳಿಂದ ತುಂಬಿದ್ದ ಈ ಸೀಮೆಯನ್ನು ಬ್ರಿಟಿಷ್ ಪ್ಲಾಂಟರುಗಳು ‘ಬ್ಯಾಂಬೂ’ ಎಂದೇ ಕರೆಯುತ್ತಿದ್ದರು, ಅವರ ಬ್ಯಾಂಬೂ ಕ್ಲಬ್ ಈಗಲೂ ಇಲ್ಲಿದೆ. 1943ರಲ್ಲಿ ನೋಂದಣಿಯಾದ ಕನ್ಸಾಲಿಡೇಟೆಡ್ ಕಾಫಿ ಕಂಪನಿಯು 2000ದಲ್ಲಿ ಟಾಟಾ ಕಾಫಿ ಎಂದು ಹೆಸರು ಬದಲಿಸಿಕೊಂಡ ಮೇಲೆಯೂ ತನ್ನ ನೋಂದಾಯಿತ ಕಚೇರಿಯನ್ನು ಈ ಸಣ್ಣ ಊರಿನಲ್ಲಿಯೇ ಇರಿಸಿಕೊಂಡಿತ್ತು. ಕಾಫಿ ಹೇಗೆ ಬಂತು, ಯಾರು ನೆಟ್ಟರು, ಯಾರು ಕೊಂಡರು ಎಂಬುದರ ಬಗ್ಗೆ ಬೇಕಾದಷ್ಟು ಬರೆದಾಗಿದೆ. ಆ ಬೆಳೆಯನ್ನು ಉಳಿಸಿಕೊಳ್ಳಲು ಮತ್ತು ಆ ಬೆಳೆಯ ಹಣದಿಂದ ಬದುಕನ್ನು ಹಗುರಗೊಳಿಸಿಕೊಳ್ಳಲು ಹೊರಗಿನಿಂದ ತಂದ ರಾಸಾಯನಿಕಗಳು, ಡಬ್ಬಿಗಳು, ಸೆಲ್ಲುಗಳು, ಬಲ್ಬುಗಳು, ಟಿ.ವಿ.ಗಳು ತಮ್ಮ ಕೆಲಸ ಮುಗಿದ ಮೇಲೆ ಎಲ್ಲಿಗೆ ಹೋದವು ಎಂಬ ಪ್ರಶ್ನೆ ಮಾತ್ರ ಚರಿತ್ರೆಕಾರರ ಗಮನಕ್ಕೆ ಅಷ್ಟಾಗಿ ಬಂದಿಲ್ಲ. ಈ ವಸ್ತುಗಳ ಹಾದಿಯನ್ನು ಹಿಂಬಾಲಿಸಿ ನೋಡಿದರೆ ಒಂದು ಸಂಗತಿ ಉದ್ದಕ್ಕೂ ಕಾಣುತ್ತದೆ. ಯಾವುದು ಅಪಾಯಕಾರಿ, ಯಾವುದು ಅಲ್ಲ ಎಂಬುದನ್ನು ಕಾನೂನು ಎಂದು ಹೇಗೆಯೇ ವಿಂಗಡಿಸಿರಲಿ, ಒಂದು ವಸ್ತು ಊರು ಬಿಟ್ಟು ಹೋಗುವುದೋ ಊರಿನ ಮಣ್ಣಿನಲ್ಲಿಯೇ ಉಳಿಯುವುದೋ ಎಂಬುದನ್ನು ನಿರ್ಧರಿಸಿದ್ದು ಅದರ ಗುಜರಿ ಬೆಲೆ.

ತೋಟಗಳು ಬರುವ ಮುಂಚೆ ಕೊಡಗಿನ ಮನೆಗಳಲ್ಲಿ ವಿಲೇವಾರಿ ಎಂಬ ಪ್ರತ್ಯೇಕ ಕೆಲಸವೇ ಇರಲಿಲ್ಲವೆನ್ನಬಹುದು. ಒಲೆಯ ಬೂದಿ, ಕೊಟ್ಟಿಗೆಯ ಸಗಣಿ, ಅಡುಗೆಮನೆಯ ಕಸ ತಿಪ್ಪೆಗೆ ಬಿದ್ದು ಅಲ್ಲಿಂದ ಗದ್ದೆಗೆ ಹೋಗುತ್ತಿದ್ದವು, ಸವೆದ ಕತ್ತಿ ಗುದ್ದಲಿಗಳು ಕೊಲ್ಲನ ಕುಲುಮೆಗೆ ಮರಳುತ್ತಿದ್ದವು, ತೂತಾದ ತಾಮ್ರದ ಹಂಡೆಗೆ ತೇಪೆ ಬೀಳುತ್ತಿತ್ತು, ತೇಪೆಗೂ ನಿಲ್ಲದಿದ್ದರೆ ಅದು ತೂಕಕ್ಕೆ ಮಾರಾಟವಾಗುತ್ತಿತ್ತು. ಕೊಳೆಯುವುದು ಮಣ್ಣಿಗೆ, ಕರಗುವುದು ಕುಲುಮೆಗೆ ಎಂಬ ಈ ಎರಡು ದಾರಿಗಳ ವ್ಯವಸ್ಥೆ ಶತಮಾನಗಳ ಕಾಲ ಸಾಕಾಗಿತ್ತು. ಕೊಳೆಯದ, ಕರಗಿಸಿದರೆ ವಿಷವಾಗುವ ವಸ್ತುಗಳಿಗೆ ಅದರಲ್ಲಿ ಮೂರನೆಯ ದಾರಿ ಇರಲಿಲ್ಲ. ಮುಂದೆ ಬಂದ ವಸ್ತುಗಳನ್ನೂ ಜನರು ಇದೇ ಎರಡು ದಾರಿಗಳಲ್ಲಿ ಕಳುಹಿಸಲು ಯತ್ನಿಸಿದ್ದರಲ್ಲಿ ಅವರ ಅಜ್ಞಾನಕ್ಕಿಂತ ಹೆಚ್ಚಾಗಿ ಹಳೆಯ ವ್ಯವಸ್ಥೆಯ ಮೇಲಿನ ನಂಬಿಕೆಯೇ ಕಾಣುತ್ತದೆ.

ಬ್ರಿಟಿಷರು 1834ರಲ್ಲಿ ಕೊಡಗನ್ನು ವಶಪಡಿಸಿಕೊಂಡ 20 ವರ್ಷಗಳ ನಂತರ, 1854ರಲ್ಲಿ, ಮಡಿಕೇರಿಯ ಬಳಿ ಮೊದಲ ಐರೋಪ್ಯ ಕಾಫಿ ತೋಟ ಆರಂಭವಾಯಿತು. ಮುಂದಿನ ದಶಕದಲ್ಲಿ ಸಾವಿರಾರು ಎಕರೆ ಕಾಡು ಕಡಿದು ನೆಟ್ಟ ತೋಟಗಳು 1860ರ ದಶಕದ ಮಧ್ಯಭಾಗದಲ್ಲಿಯೇ ಕಾಂಡಕೊರಕದ ಹಾವಳಿಗೆ ತುತ್ತಾದವು. ಗಿಡದ ಕಾಂಡವನ್ನು ಒಳಗಿನಿಂದ ಕೊರೆದು ಒಣಗಿಸುವ ಒಂದು ಜಾತಿಯ ದುಂಬಿಯ ಮರಿಹುಳವೇ ಈ ಕಾಂಡಕೊರಕ. ಮದ್ರಾಸ್ ಸರಕಾರದ ಆದೇಶದಂತೆ ಇದನ್ನು ಅಧ್ಯಯನ ಮಾಡಿದ ವೈದ್ಯ ಜಾರ್ಜ್ ಬಿಡಿಯವರ ವರದಿ 1869ರಲ್ಲಿ ಪ್ರಕಟವಾಯಿತು. ಅದೇ ಹೊತ್ತಿಗೆ ಸಿಲೋನಿನಲ್ಲಿ ಕಾಣಿಸಿಕೊಂಡ ಎಲೆ ತುಕ್ಕು ರೋಗ, ಅಂದರೆ ಎಲೆಯ ಅಡಿಭಾಗದಲ್ಲಿ ಕಿತ್ತಳೆ ಬಣ್ಣದ ಪುಡಿಯಾಗಿ ಹರಡಿ ಎಲೆಗಳನ್ನು ಉದುರಿಸುವ ಶಿಲೀಂಧ್ರ ರೋಗವು, ಬೇಗನೆ ದಕ್ಷಿಣ ಭಾರತಕ್ಕೂ ದಾಟಿತು. ಆ ಕಾಲದ ಪರಿಹಾರಗಳೆಂದರೆ ನೆರಳಿನ ಮರಗಳನ್ನು ಉಳಿಸಿಕೊಳ್ಳುವುದು ಮತ್ತು ಹುಳ ಹಿಡಿದ ಗಿಡವನ್ನು ಕಿತ್ತು ಸುಡುವುದು. ಇವೆರಡರಲ್ಲಿಯೂ ಹೊರಗಿನಿಂದ ತರಬೇಕಾದದ್ದು ಏನೂ ಇರಲಿಲ್ಲ, ಆದ್ದರಿಂದ ಎಸೆಯಬೇಕಾದದ್ದೂ ಇರಲಿಲ್ಲ.

ತೋಟಸೀಮೆಗೆ ಸರಕಾಗಿ ಬಂದ ಮೊದಲ ದೊಡ್ಡ ರಾಸಾಯನಿಕ ಮೈಲುತುತ್ತ, ಅಂದರೆ ತಾಮ್ರದ ಸಲ್ಫೇಟ್. ಫ್ರಾನ್ಸಿನ ಬೋರ್ಡೋ ಪ್ರಾಂತ್ಯದ ದ್ರಾಕ್ಷಿ ತೋಟಗಳಲ್ಲಿ ಮೈಲುತುತ್ತ ಮತ್ತು ಸುಣ್ಣವನ್ನು ಸೇರಿಸಿ ಸಿಂಪಡಿಸಿದರೆ ಶಿಲೀಂಧ್ರ ರೋಗ ಹತೋಟಿಗೆ ಬರುತ್ತದೆಂಬುದನ್ನು ವಿಜ್ಞಾನಿ ಮಿಲಾರ್ಡೆ 1885ರಲ್ಲಿ ಪ್ರಕಟಿಸಿದರು. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ಅದನ್ನು ಮಲೆನಾಡಿನ ಅಡಿಕೆಯ ಕೊಳೆರೋಗಕ್ಕೆ ಮದ್ದಾಗಿ ಬಳಕೆಗೆ ತಂದರು. ಕಾಫಿಗಾಗಿಯೇ ಬಾಳೆಹೊನ್ನೂರಿನ ಬಳಿ 1925ರಲ್ಲಿ ಪ್ರಯೋಗಕೇಂದ್ರವೊಂದು ಆರಂಭವಾಯಿತು, 1946ರಲ್ಲಿ ಕೊಡಗಿನ ಚೆಟ್ಟಳ್ಳಿಯಲ್ಲಿ ಅದರ ಉಪಕೇಂದ್ರ ಬಂತು. ಮುಂಗಾರಿಗೆ ಮುನ್ನ ಒಮ್ಮೆ, ಮಳೆ ಇಳಿದ ಮೇಲೆ ಮತ್ತೊಮ್ಮೆ, ಬೋರ್ಡೋ ಎಂದೇ ಹೆಸರಾದ ಈ ಮಿಶ್ರಣವನ್ನು ಹೊಡೆಯುವುದು ಅರೇಬಿಕಾ ಕಾಫಿ ತೋಟಗಳ ವಾರ್ಷಿಕ ಕ್ರಮವಾಯಿತು.

ಈ ಮಿಶ್ರಣವನ್ನು ತಯಾರಿಸುವ ರೀತಿಯಲ್ಲಿಯೇ ಅದರ ಅಪಾಯದ ಅರಿವು ಅಡಗಿತ್ತು. ಕಾಫಿಗೆ ಬೇಕಾದ ಶೇ 0.5ರ ಪ್ರಮಾಣಕ್ಕೆ 200 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಎರಡನ್ನೂ ಬೇರೆ ಬೇರೆಯಾಗಿ ಕರಗಿಸಬೇಕು. ಮೈಲುತುತ್ತವು ಕಬ್ಬಿಣವನ್ನು ತಿನ್ನುವುದರಿಂದ ಅದಕ್ಕೆ ಮರದ ಅಥವಾ ಮಣ್ಣಿನ ಪಾತ್ರೆಯೇ ಆಗಬೇಕು. ಎರಡೂ ಬೆರೆತು ತಿಳಿನೀಲಿಯ ದ್ರಾವಣವಾದ ಮೇಲೆ ಚೆನ್ನಾಗಿ ಉಜ್ಜಿದ ಚಾಕುವಿನ ಅಲಗನ್ನು ಅದರಲ್ಲಿ ಅದ್ದಿ ಸ್ವಲ್ಪ ಹೊತ್ತು ಹಿಡಿಯಬೇಕು. ಅಲಗಿನ ಮೇಲೆ ಕೆಂಪಗೆ ತಾಮ್ರದ ಲೇಪ ಕೂತರೆ ಸುಣ್ಣ ಸಾಲದು, ಹೀಗೇ ಹೊಡೆದರೆ ಎಲೆ ಸುಡುತ್ತದೆ ಎಂದು ಅರ್ಥ. ಆಗ ಲೇಪ ಕೂರುವುದು ನಿಲ್ಲುವವರೆಗೆ ಸುಣ್ಣದ ನೀರು ಸೇರಿಸಬೇಕು. ರಸಾಯನಶಾಸ್ತ್ರದ ಹೆಸರನ್ನೂ ಕೇಳಿರದ ಮೇಸ್ತ್ರಿಗಳು ಈ ಪರೀಕ್ಷೆಯನ್ನು ಕರಾರುವಾಕ್ಕಾಗಿ ಮಾಡುತ್ತಿದ್ದರು. ಹೊಡೆಯುವ ತನಕ ಇಷ್ಟು ಎಚ್ಚರ ವಹಿಸಿದ ಪದ್ಧತಿಯು ಹೊಡೆದ ನಂತರದ ಬಗ್ಗೆ ಏನನ್ನೂ ಹೇಳಲಿಲ್ಲ. ಪೀಪಾಯಿ ತೊಳೆದ ನೀರು ಹತ್ತಿರದ ಚರಂಡಿಗೆ ಹರಿಯಿತು, ಖಾಲಿ ಗೋಣಿಚೀಲ ಇನ್ನೊಂದು ಕೆಲಸಕ್ಕೆ ಬಂತು, ಎಲೆಯಿಂದ ಇಳಿದ ತಾಮ್ರ ಮಣ್ಣು ಸೇರಿತು. ತಾಮ್ರವು ಕೊಳೆತು ಬೇರೊಂದಾಗುವ ವಸ್ತುವಲ್ಲ. ದಶಕಗಟ್ಟಲೆ ಬೋರ್ಡೋ ಕಂಡ ತೋಟಗಳ ಮೇಲ್ಮಣ್ಣಿನಲ್ಲಿ ಅದು ಸಂಚಯವಾಗುತ್ತದೆಂಬುದನ್ನು ದ್ರಾಕ್ಷಿಯ ನಾಡುಗಳಿಂದ ಕಾಫಿಯ ನಾಡುಗಳವರೆಗೆ ಮಣ್ಣುವಿಜ್ಞಾನಿಗಳು ತೋರಿಸಿಕೊಟ್ಟಿದ್ದಾರೆ.

ಎರಡನೆಯ ಮಹಾಯುದ್ಧದ ನಂತರ ಬಂದ ರಾಸಾಯನಿಕಗಳ ಜಾತಿಯೇ ಬೇರೆ. ಕೀಟಗಳ ಮೇಲೆ ಡಿಡಿಟಿಯ ಪರಿಣಾಮವನ್ನು 1939ರಲ್ಲಿ ಕಂಡುಹಿಡಿದ ಸ್ವಿಟ್ಜರ್ಲೆಂಡಿನ ಪಾಲ್ ಮ್ಯುಲರ್ ಅದಕ್ಕಾಗಿ 1948ರಲ್ಲಿ ನೊಬೆಲ್ ಪ್ರಶಸ್ತಿ ಪಡೆದರು. 1953ರ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮದೊಡನೆ ಡಿಡಿಟಿ ದೇಶದ ಹಳ್ಳಿಮನೆಗಳ ಗೋಡೆಗಳನ್ನು ಏರಿತು. ಮಲೇರಿಯಾಕ್ಕೆ ಕುಖ್ಯಾತವಾಗಿದ್ದ ಕೊಡಗು ಮಲೆನಾಡುಗಳಿಗೆ ಅದು ವರವೇ ಆಯಿತೆಂಬುದನ್ನು ಇಲ್ಲಿ ಮರೆಯುವಂತಿಲ್ಲ. ಜ್ವರದ ಭಯ ಕಡಿಮೆಯಾದ ಮೇಲೆಯೇ ತೋಟಗಳ ಲೈನ್ ಮನೆಗಳಲ್ಲಿ, ಅಂದರೆ ಕಾರ್ಮಿಕರಿಗಾಗಿ ಸಾಲಾಗಿ ಕಟ್ಟಿಸಿದ ಮನೆಗಳಲ್ಲಿ, ವರ್ಷವಿಡೀ ನೆಲೆಸುವುದು ಸಾಧ್ಯವಾಯಿತು. ಅದೇ ಗುಂಪಿಗೆ ಸೇರಿದ ಬಿಎಚ್‌ಸಿ ಎಂಬ ಪುಡಿ ಕಾಂಡಕೊರಕದ ವಿರುದ್ಧ ಕಾಫಿ ತೋಟಗಳ ಮುಖ್ಯ ಆಯುಧವಾಯಿತು. ದುಂಬಿಗಳು ಹಾರಾಡುವ ಬೇಸಿಗೆಯಲ್ಲೊಮ್ಮೆ, ಮಳೆಗಾಲದ ನಂತರ ಇನ್ನೊಮ್ಮೆ ಆಳುಗಳು ಗಿಡದ ಕಾಂಡದ ಸಡಿಲ ತೊಗಟೆಯನ್ನು ಉಜ್ಜಿ ತೆಗೆದು ನೀರಿನಲ್ಲಿ ಕಲಸಿದ ಪುಡಿಯನ್ನು ಬಟ್ಟೆಯಿಂದ ಬಳಿಯುತ್ತಿದ್ದರು. ತಿಂಗಳುಗಟ್ಟಲೆ ಅಳಿಯದೆ ನಿಲ್ಲುವ ಗುಣವೇ ಅದರ ಹೆಚ್ಚುಗಾರಿಕೆಯೆಂದು ಎಣಿಸಲಾಗಿತ್ತು. ಅದನ್ನು ನಿಷೇಧಿಸಲು ಕಾರಣವಾದದ್ದೂ ಅದೇ ಗುಣ.

ಖಾಲಿ ಡಬ್ಬಿಯ ಸಮಸ್ಯೆ ಆರಂಭವಾಗುವುದು ಈ ಘಟ್ಟದಲ್ಲಿ. ಕರ್ನಾಟಕದ ಹಳ್ಳಿಗಳಲ್ಲಿ ತಗಡಿನ ಡಬ್ಬಿ ಎಂದರೆ ಎಸೆಯುವ ವಸ್ತುವಾಗಿರಲಿಲ್ಲ. ಸೀಮೆಎಣ್ಣೆಯ ಚೌಕದ ಡಬ್ಬಕ್ಕೆ ಅಡ್ಡಲಾಗಿ ಮರದ ಹಿಡಿ ಬಡಿದರೆ ಅದು ನೀರಿನ ಕೊಡವಾಗುತ್ತಿತ್ತು, ಬಿಡಿಸಿ ತಟ್ಟಿದರೆ ಮಾಡಿನ ಸೂರಿಗೆ ಮುಚ್ಚಿಗೆಯಾಗುತ್ತಿತ್ತು. ಈ ರೂಢಿಯ ಮನೆಗೆ ವಿಷದ ಡಬ್ಬಿಯೂ ಬಂದಾಗ ಅದನ್ನು ತೊಳೆದು ಇರಿಸಿಕೊಳ್ಳುವುದು ಮಿತವ್ಯಯವೆನಿಸಿತೇ ಹೊರತು ಅಪಾಯವೆನಿಸಲಿಲ್ಲ. ವಿಷ ಮತ್ತು ಆಹಾರ ಒಂದೆಡೆ ಸೇರಿದರೆ ಏನಾಗುವುದೆಂಬುದನ್ನು ದೇಶ ಕಂಡದ್ದು 1958ರಲ್ಲಿ, ಕೊಡಗಿನ ನೆರೆಯ ಕೇರಳದಲ್ಲಿ. ಹಡಗಿನಲ್ಲಿ ಪ್ಯಾರಾಥಿಯಾನ್ ಎಂಬ ಕೀಟನಾಶಕದ ಜೊತೆಗೆ ಸಾಗಿಸಿದ್ದ ಗೋಧಿಹಿಟ್ಟಿಗೆ ಆ ವಿಷ ಸೋರಿ, ಅದನ್ನು ತಿಂದ 100ಕ್ಕೂ ಹೆಚ್ಚು ಮಂದಿ ಸತ್ತರು. ಆ ದುರಂತದ ನಂತರ ನಡೆದ ವಿಚಾರಣೆ, ಸಮಿತಿಗಳ ಫಲವಾಗಿ 1968ರ ಕೀಟನಾಶಕ ಕಾಯ್ದೆ ಬಂತು, 1971ರಲ್ಲಿ ಅದರ ನಿಯಮಗಳು ಬಂದವು.

ಆ ನಿಯಮಗಳಲ್ಲಿ 44ನೆಯದು ಈ ಚರಿತ್ರೆಗೆ ಬಹಳ ಮುಖ್ಯವಾದದ್ದು. ಬಳಸಿದ ಪೊಟ್ಟಣ, ಉಳಿದ ಔಷಧ ಮತ್ತು ತೊಳೆದ ನೀರನ್ನು ಪರಿಸರಕ್ಕೂ ನೀರಿಗೂ ಹಾನಿಯಾಗದಂತೆ ವಿಲೇವಾರಿ ಮಾಡುವುದು ತಯಾರಕರ ಮತ್ತು ಸಿಂಪಡಿಸುವವರ ಕರ್ತವ್ಯವೆಂದು ಅದು ಹೇಳಿತು. ಮರುಬಳಕೆಯಾಗದಂತೆ ಖಾಲಿ ಡಬ್ಬಿಗಳನ್ನು ಹೊರಗೆ ಬಿಡಬಾರದು, ಅವುಗಳನ್ನು ಒಡೆದು ಜನವಸತಿಯಿಂದ ದೂರ ಹೂಳಬೇಕು ಎಂದೂ ವಿಧಿಸಿತು. ಮರುಬಳಕೆಯ ಅಪಾಯವನ್ನು ಕಾನೂನು ಇಷ್ಟು ಬೇಗ ಗುರುತಿಸಿದ್ದು ಮೆಚ್ಚಬೇಕಾದ ಸಂಗತಿಯೇ. ಆದರೆ ಹೂಳುವುದನ್ನೇ ಅಂತಿಮ ಪರಿಹಾರವೆಂದು ಭಾವಿಸಿದ ಆ ನಿಯಮ ಬಯಲುಸೀಮೆಯ ಒಣನೆಲವನ್ನು ಕಣ್ಣಮುಂದೆ ಇರಿಸಿಕೊಂಡು ಬರೆದಂತಿದೆ. ಮುಂಗಾರಿನಲ್ಲಿ ತೆಗೆದ ಗುಂಡಿಯೆಲ್ಲ ನೀರು ತುಂಬುವ ಕೊಡಗಿನಲ್ಲಿ ಹೂತದ್ದು ಹೂತಲ್ಲಿ ನಿಲ್ಲುವುದಿಲ್ಲ. ಪಾಲಿಬೆಟ್ಟದ ಆಸುಪಾಸಿನ ತೊರೆಗಳು ಸಿದ್ದಾಪುರದ ಕಡೆ ಹರಿದರೂ ತಿತಿಮತಿಯ ಕಡೆ ಹರಿದರೂ ಕಾವೇರಿಯ ಅಥವಾ ಲಕ್ಷ್ಮಣತೀರ್ಥದ ಮೂಲಕ ಕಡೆಗೆ ಸೇರುವುದು ಕನ್ನಂಬಾಡಿಯ ಹಿನ್ನೀರನ್ನೇ.

ನಿಷೇಧಗಳು ಒಂದೊಂದಾಗಿ ಬಂದವು. 1997ರಲ್ಲಿ ಬಿಎಚ್‌ಸಿ ನಿಷೇಧವಾಯಿತು. ಅದರ ಜಾಗಕ್ಕೆ ಬಂದ ಲಿಂಡೇನ್ ಸಹ ಮುಂದಿನ ದಶಕಗಳಲ್ಲಿ ನಿಂತಿತು. ನಿಷೇಧದ ಆದೇಶಗಳು ತಯಾರಿಕೆ, ಮಾರಾಟ, ಬಳಕೆಗಳ ಬಗ್ಗೆ ಸ್ಪಷ್ಟವಾಗಿ ಮಾತಾಡಿದವು, ಆದರೆ ತೋಟದ ಉಗ್ರಾಣದಲ್ಲಿಯೋ ಸಣ್ಣ ಬೆಳೆಗಾರನ ಅಟ್ಟದ ಮೇಲೆಯೋ ಉಳಿದ ಅರ್ಧ ಚೀಲವನ್ನು ಯಾರಿಗೆ ಒಪ್ಪಿಸಬೇಕೆಂಬ ಪ್ರಶ್ನೆಗೆ ಬೆಳೆಗಾರನ ಕೈಗೆ ಎಟುಕುವ ಉತ್ತರ ಅವುಗಳಲ್ಲಿ ಇರಲಿಲ್ಲ. ನಿಷೇಧಿತ ವಸ್ತುವನ್ನು ಮಾರುವಂತಿಲ್ಲ, ಬಳಸುವಂತಿಲ್ಲ, ಹಿಂದಕ್ಕೆ ಕೊಳ್ಳುವವರೂ ಇಲ್ಲ. ಬೆಲೆ ಕಳೆದುಕೊಂಡ ಆ ಕ್ಷಣದಲ್ಲಿಯೇ ಅದು ಕಸವಾಗುತ್ತದೆ, ಕಸವಾದ ಮೇಲೆ ಅದಕ್ಕೆ ಯಾರೂ ದಿಕ್ಕಿಲ್ಲ.

ಈ ಅನಾಥ ವಿಷಕ್ಕೆ ಏನಾಗುತ್ತದೆಂಬುದನ್ನು ಕನ್ನಡ ನಾಡು ತೀರ ಹತ್ತಿರದಿಂದ ನೋಡಿದ್ದು ಎಂಡೋಸಲ್ಫಾನಿನ ಪ್ರಕರಣದಲ್ಲಿ. ಕಾಸರಗೋಡು ಜಿಲ್ಲೆಯ ಗೇರು ತೋಟಗಳಲ್ಲಿ ಕೇರಳದ ಪ್ಲಾಂಟೇಶನ್ ಕಾರ್ಪೊರೇಶನ್ 1970ರ ದಶಕದಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಈ ಕೀಟನಾಶಕವನ್ನು ಸಿಂಪಡಿಸಿತು. ಕನ್ನಡ ಮಾತಾಡುವ ಎಣ್ಮಕಜೆ ಪಂಚಾಯಿತಿಯ ಪಡ್ರೆ ಗ್ರಾಮದಲ್ಲಿ ಕಾಣಿಸಿಕೊಂಡ ವಿಚಿತ್ರ ರೋಗಗಳನ್ನು ವಾಣಿನಗರದ ವೈದ್ಯ ಡಾ. ವೈ.ಎಸ್. ಮೋಹನ ಕುಮಾರ್ ದಾಖಲಿಸುತ್ತ ಬಂದರು, ಪತ್ರಕರ್ತ ಶ್ರೀಪಡ್ರೆ ಅದನ್ನು ಹೊರಜಗತ್ತಿಗೆ ತಿಳಿಸಿದರು. ದಕ್ಷಿಣ ಕನ್ನಡದ ಕೊಕ್ಕಡದ ಕಡೆಯಿಂದಲೂ ಅಂಥದೇ ಕೂಗು ಎದ್ದಿತು. 2011ರ ಮೇ 13ರಂದು ಸುಪ್ರೀಂ ಕೋರ್ಟು ದೇಶಾದ್ಯಂತ ಅದರ ತಯಾರಿಕೆ, ಮಾರಾಟ, ಬಳಕೆಗಳಿಗೆ ತಡೆ ನೀಡಿತು. ಇಲ್ಲಿಯವರೆಗಿನ ಕಥೆ ಎಲ್ಲರಿಗೂ ಗೊತ್ತು. ನಿಂತುಹೋದ ಸಿಂಪರಣೆಯ ನಂತರ ಉಗ್ರಾಣಗಳಲ್ಲಿ ಉಳಿದ ಪೀಪಾಯಿಗಳ ಕಥೆ ಅಷ್ಟಾಗಿ ಯಾರಿಗೂ ಗೊತ್ತಿಲ್ಲ. ವರ್ಷಗಳ ಕಾಲ ಹಾಗೆಯೇ ಬಿದ್ದು ತುಕ್ಕು ಹಿಡಿದು ಸೋರತೊಡಗಿದ್ದ ಪೀಪಾಯಿಗಳಿಂದ ದ್ರವವನ್ನು 2012ರಲ್ಲಿ ಹೊಸ ಪೀಪಾಯಿಗಳಿಗೆ ವರ್ಗಾಯಿಸಬೇಕಾಯಿತು. ಉಳಿದಿದ್ದ ಎಂಡೋಸಲ್ಫಾನನ್ನು ಕರ್ನಾಟಕದ ಗಡಿಗೆ ತಾಗಿದ ಮಿಂಚಿನಪದವಿನಲ್ಲಿ ಪಾಳುಬಾವಿಯೊಂದಕ್ಕೆ ಹಾಕಿ ಮುಚ್ಚಲಾಗಿತ್ತೆಂಬ ದೂರು ಬಹಳ ತಡವಾಗಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಮುಂದೆ ಬಂತು. ಇದು ಕಾಫಿ ಸೀಮೆಗೆ ಪರಕೀಯವಾದ ಕಥೆಯೂ ಅಲ್ಲ. 1990ರಲ್ಲಿ ನೀಲಗಿರಿಯ ಗೂಡಲೂರಿನಲ್ಲಿ ಮೊದಲು ಕಾಣಿಸಿ ಕೊಡಗಿಗೂ ಹಬ್ಬಿದ ಕಾಯಿಕೊರಕದ ವಿರುದ್ಧ ಕಾಫಿ ಬೆಳೆಗಾರರಿಗೆ ಶಿಫಾರಸಾಗಿದ್ದ ಔಷಧಗಳಲ್ಲಿ ಎಂಡೋಸಲ್ಫಾನೂ ಒಂದು.

ದೊಡ್ಡ ತೋಟಗಳ ಖಾಲಿ ಡಬ್ಬಿಗಳ ವಿಷಯದಲ್ಲಿ ಕ್ರಮ ಬಂದದ್ದು ಕಾನೂನಿನಿಂದ ಎನ್ನುವುದಕ್ಕಿಂತ ಕೊಳ್ಳುವವರಿಂದ ಎಂದರೆ ಸರಿ. 1990ರ ದಶಕದಲ್ಲಿ ಕಾಫಿ ಮಾರುಕಟ್ಟೆ ಮುಕ್ತವಾಗಿ, ವಿದೇಶಿ ಗ್ರಾಹಕರು ರೇನ್‌ಫಾರೆಸ್ಟ್ ಅಲಯನ್ಸ್‌ನಂಥ ಪ್ರಮಾಣಪತ್ರಗಳನ್ನು ಕೇಳತೊಡಗಿದ ಮೇಲೆ, ಖಾಲಿ ಡಬ್ಬಿಯನ್ನು ಮೂರು ಬಾರಿ ತೊಳೆದು ಆ ನೀರನ್ನು ಸಿಂಪರಣೆಯ ಪೀಪಾಯಿಗೇ ಸುರಿಯುವುದು, ಮತ್ತೆ ಬಳಸಲಾಗದಂತೆ ಡಬ್ಬಿಗೆ ತೂತು ಹೊಡೆಯುವುದು, ಬೀಗವಿರುವ ಕೋಣೆಯಲ್ಲಿ ಕೂಡಿಡುವುದು ದಿನಚರಿಯ ಭಾಗವಾಯಿತು. 1971ರ ನಿಯಮ ಹೇಳಿಯೂ ಆಗದ ಕೆಲಸ ರಫ್ತಿನ ಕಾಫಿಗೆ ಸಿಗುವ ನಾಲ್ಕು ಕಾಸಿನ ಆಸೆಯಿಂದ ಆಯಿತು. ಎರಡು ಮೂರು ಎಕರೆಯ ಬೆಳೆಗಾರನಿಗೆ ಆ ಪ್ರಮಾಣಪತ್ರವೂ ಇಲ್ಲ, ಆ ಕೋಣೆಯೂ ಇಲ್ಲ.

ತೋಟದಿಂದ ಮನೆಯೊಳಕ್ಕೆ ಬಂದರೆ ಕಾಣುವುದು ವಿದ್ಯುತ್ತಿನ ಚರಿತ್ರೆ. ವಿದ್ಯುತ್ ತಂತಿ ಲೈನ್ ಮನೆಗಳಿಗೆ ತಲುಪುವುದಕ್ಕೆ ಎಷ್ಟೋ ಮೊದಲೇ ಟಾರ್ಚು ಮತ್ತು ಟ್ರಾನ್ಸಿಸ್ಟರ್ ರೇಡಿಯೊಗಳ ಮೂಲಕ ಸೆಲ್ಲು ತಲುಪಿತ್ತು. ಕಾಡುಪ್ರಾಣಿಗಳ ಸುಳಿವಿರುವ ತೋಟದ ಹಾದಿಗಳಲ್ಲಿ ಟಾರ್ಚಿಲ್ಲದೆ ಕತ್ತಲಲ್ಲಿ ಹೊರಡುವಂತೆಯೇ ಇರಲಿಲ್ಲ. ಒಣ ಸೆಲ್ಲೆಂದರೆ ಸತುವಿನ ಕೊಳವೆ, ನಡುವೆ ಇಂಗಾಲದ ಕಡ್ಡಿ, ಸುತ್ತ ಮ್ಯಾಂಗನೀಸ್ ಡೈಆಕ್ಸೈಡಿನ ಕಪ್ಪು ಪುಡಿ. ಸತುವು ಬೇಗ ಕೊರೆದುಹೋಗದಿರಲೆಂದು ಹಿಂದಿನ ಸೆಲ್ಲುಗಳಲ್ಲಿ ಅಲ್ಪಸ್ವಲ್ಪ ಪಾದರಸವೂ ಇರುತ್ತಿತ್ತು. ಬೆಳಕು ಮಂಕಾದಾಗ ಸೆಲ್ಲುಗಳನ್ನು ತೆಗೆದು ಬಿಸಿಲಿಗೆ ಇಟ್ಟು ಇನ್ನೆರಡು ದಿನ ಓಡಿಸುವುದು ಊರೂರಿನ ರೂಢಿಯಾಗಿತ್ತು. ಅದಕ್ಕೂ ಏಳದಿದ್ದಾಗ ಮಕ್ಕಳು ಒಡೆದು ಕಪ್ಪು ಕಡ್ಡಿಯನ್ನು ಗೀಚಲು ತೆಗೆದುಕೊಳ್ಳುತ್ತಿದ್ದರು, ಉಳಿದದ್ದು ಅಂಗಳದಾಚೆ ಬೀಳುತ್ತಿತ್ತು. ಸೆಲ್ಲಿಗೆ ಗುಜರಿಯಲ್ಲಿ ಬೆಲೆಯಿರಲಿಲ್ಲ.

ಗುಜರಿಯವರ ಬಗ್ಗೆ ಇಲ್ಲಿ ಒಂದು ಮಾತು ಹೇಳಲೇಬೇಕು. ಸೈಕಲ್ಲಿನಲ್ಲಿ, ಆಮೇಲೆ ಆಟೋ ಟೆಂಪೊಗಳಲ್ಲಿ ಊರೂರು ಸುತ್ತಿ ಹಳೆ ಕಬ್ಬಿಣ, ತಾಮ್ರ, ಅಲ್ಯೂಮಿನಿಯಂ, ಬಾಟಲಿ, ರದ್ದಿ ಕಾಗದಗಳನ್ನು ತೂಕಕ್ಕೆ ಕೊಳ್ಳುವ ಈ ಜನರು ಸಮಾಜದ ಕಣ್ಣಿಗೆ ಎಂದೂ ಗೌರವಾನ್ವಿತರಾಗಿರಲಿಲ್ಲ, ಸರಕಾರದ ಲೆಕ್ಕದಲ್ಲಿ ಬಹುಕಾಲ ಇರಲೇ ಇಲ್ಲ. ಆದರೂ ಗ್ರಾಮೀಣ ಕರ್ನಾಟಕದ ವಿಲೇವಾರಿ ವ್ಯವಸ್ಥೆಯನ್ನು ಮುಕ್ಕಾಲು ಪಾಲು ಹೊತ್ತವರು ಇವರೇ. ಹಳ್ಳಿಯಿಂದ ಪೇಟೆಗೆ, ಪೇಟೆಯಿಂದ ಮೈಸೂರಿಗೆ, ಅಲ್ಲಿಂದ ಬೆಂಗಳೂರಿನ ಜಾಲಿ ಮೊಹಲ್ಲಾ, ಗೌರಿಪಾಳ್ಯಗಳಂಥ ಕಡೆಗೆ ಸಾಗುವ ಈ ಸರಪಳಿಯಲ್ಲಿ ಪ್ರತಿ ಕೈಯೂ ತನಗೆ ಲಾಭವಿರುವುದನ್ನು ಮಾತ್ರ ಎತ್ತಿಕೊಳ್ಳುತ್ತದೆ. ಬೆಂಗಳೂರು ದೂರದರ್ಶನ ಕೇಂದ್ರ 1981ರಲ್ಲಿ ಆರಂಭವಾದ ನಂತರ ಮನೆ ಸೇರಿದ ದಪ್ಪ ಬೆನ್ನಿನ ಟಿ.ವಿ.ಗಳು ಎರಡು ದಶಕಗಳ ಮೇಲೆ ಹಳತಾದಾಗ ಈ ಆಯ್ಕೆ ಎದ್ದು ಕಂಡಿತು. ಚಿತ್ರಕೊಳವೆಯ ಕುತ್ತಿಗೆಗೆ ಸುತ್ತಿದ್ದ ತಾಮ್ರದ ಸುರುಳಿಗೆ ಬೆಲೆಯಿದೆ, ಸರ್ಕ್ಯೂಟ್ ಹಲಗೆಗೆ ಬೆಲೆಯಿದೆ, ಪ್ಲಾಸ್ಟಿಕ್ ಪೆಟ್ಟಿಗೆಗೆ ಅಷ್ಟಿಷ್ಟು ಬೆಲೆಯಿದೆ. ಹಿಂಭಾಗದ ಗಾಜಿನಲ್ಲಿ ಶೇ 20ಕ್ಕೂ ಹೆಚ್ಚು ಸೀಸದ ಆಕ್ಸೈಡ್ ಇರುವ ಆ ಕೊಳವೆಗೆ ಬೆಲೆಯಿಲ್ಲ. ಸುತ್ತಿಗೆಯ ಒಂದೇ ಏಟಿಗೆ ಕುತ್ತಿಗೆ ಮುರಿದು ತಾಮ್ರ ಬಿಚ್ಚಿಕೊಂಡ ಮೇಲೆ ಗಾಜು ಅಲ್ಲಿಯೇ ಉಳಿಯುತ್ತದೆ.

ಇದಕ್ಕೆ ತೀರ ವಿರುದ್ಧವಾದ ಉದಾಹರಣೆ ಸೀಸ–ಆಮ್ಲದ ಬ್ಯಾಟರಿ. ಮಳೆಗಾಲದಲ್ಲಿ ಮರ ಬಿದ್ದು ದಿನಗಟ್ಟಲೆ ಕರೆಂಟಿಲ್ಲದಾಗುವ ಕೊಡಗಿನಲ್ಲಿ ಇನ್ವರ್ಟರ್ ಅನುಕೂಲಸ್ಥರ ಮನೆಗಳ ಅಗತ್ಯವಸ್ತುವಾಯಿತು. ಜೀಪು, ಟ್ರ್ಯಾಕ್ಟರುಗಳ ಬ್ಯಾಟರಿ ಮೊದಲಿನಿಂದಲೂ ಇತ್ತು. ವಿಷದ ದೃಷ್ಟಿಯಿಂದ ಇದು ಮನೆಯೊಳಗಿನ ಅತಿ ಅಪಾಯಕಾರಿ ವಸ್ತುಗಳಲ್ಲೊಂದು, ಆದರೂ ತಿಪ್ಪೆಯಲ್ಲಿ ಬಿದ್ದ ಬ್ಯಾಟರಿಯನ್ನು ಕಂಡವರು ವಿರಳ. 2001ರ ಬ್ಯಾಟರಿ ನಿಯಮಗಳು ಮಾರಾಟಗಾರನೇ ಹಳೆಯ ಬ್ಯಾಟರಿಯನ್ನು ಹಿಂದಕ್ಕೆ ಪಡೆಯಬೇಕೆಂದೂ ಅದಕ್ಕೆ ರಿಯಾಯಿತಿ ಕೊಡಬೇಕೆಂದೂ ವಿಧಿಸಿದವು. ಸೀಸಕ್ಕೆ ಮೊದಲೇ ಬೆಲೆಯಿದ್ದುದರಿಂದ ಈ ನಿಯಮ ನೀರಿನಂತೆ ಹರಿಯಿತು. ಅಕ್ರಮ ಕುಲುಮೆಗಳಲ್ಲಿ ಸೀಸ ಕರಗಿಸುವವರ ಆರೋಗ್ಯದ ಪ್ರಶ್ನೆ ಬೇರೆಯೇ ಇದೆ, ಆದರೆ ಆ ವಿಷ ಪಾಲಿಬೆಟ್ಟದ ಮಣ್ಣಿನಲ್ಲಿ ಉಳಿಯಲಿಲ್ಲ. ಅದೇ 2001ರ ನಿಯಮಗಳು ಸೀಸ–ಆಮ್ಲದ ಬ್ಯಾಟರಿಗೆ ಮಾತ್ರ ಅನ್ವಯಿಸುತ್ತಿದ್ದವು. ಟಾರ್ಚಿನ ಸೆಲ್ಲು ಬ್ಯಾಟರಿ ನಿಯಮಗಳ ವ್ಯಾಪ್ತಿಗೆ ಬರಲು 2022ರ ಹೊಸ ನಿಯಮಗಳ ತನಕ ಕಾಯಬೇಕಾಯಿತು.

ಅಪಾಯಕಾರಿ ತ್ಯಾಜ್ಯದ ಬಗ್ಗೆ ಭಾರತದ ಮೊದಲ ನಿಯಮಗಳು 1989ರಲ್ಲಿ ಬಂದರೂ ಅವು ಕಾರ್ಖಾನೆಗಳಿಗಾಗಿ ಬರೆದವು. ವಿದ್ಯುನ್ಮಾನ ತ್ಯಾಜ್ಯ ಅಥವಾ ಇ-ತ್ಯಾಜ್ಯಕ್ಕೆ, ಅಂದರೆ ಕೆಟ್ಟ ಕಂಪ್ಯೂಟರು, ಫೋನು, ಟಿ.ವಿ. ಮುಂತಾದವುಗಳಿಗೆ, ಪ್ರತ್ಯೇಕ ನಿಯಮಗಳು ಬಂದದ್ದು 2011ರಲ್ಲಿ, ಜಾರಿಯಾದದ್ದು 2012ರ ಮೇ ತಿಂಗಳಿಂದ. ಅಷ್ಟರಲ್ಲಿ ಕರ್ನಾಟಕ ಒಂದು ಹೆಜ್ಜೆ ಮುಂದೆ ಹೋಗಿತ್ತು. ಪಿ. ಪಾರ್ಥಸಾರಥಿ ಅವರು ಬೆಂಗಳೂರಿನ ಹೊರವಲಯದ ದಾಬಸ್‌ಪೇಟೆಯಲ್ಲಿ 2005ರಲ್ಲಿ ಆರಂಭಿಸಿದ ಇ-ಪರಿಸರ ಘಟಕವು ಸರಕಾರದ ಅನುಮತಿ ಪಡೆದ ದೇಶದ ಮೊದಲ ಇ-ತ್ಯಾಜ್ಯ ಸಂಸ್ಕರಣ ಘಟಕವಾಗಿತ್ತು. ಗೌರಿಪಾಳ್ಯದ ಓಣಿಗಳಲ್ಲಿ ಆಮ್ಲದಲ್ಲಿ ಅದ್ದಿ ಚಿನ್ನ ತೆಗೆಯುವ, ತಂತಿ ಸುಟ್ಟು ತಾಮ್ರ ತೆಗೆಯುವ ಕೆಲಸವನ್ನು ಹೊಗೆ, ವಿಷ ಹೊರಬಾರದಂತೆ ಮಾಡಬಹುದೆಂಬುದನ್ನು ಅದು ತೋರಿಸಿಕೊಟ್ಟಿತು. 2016ರ ಇ-ತ್ಯಾಜ್ಯ ನಿಯಮಗಳು ಪಾದರಸವಿರುವ ಟ್ಯೂಬ್‌ಲೈಟು ಮತ್ತು ಸಿಎಫ್‌ಎಲ್ ಬಲ್ಬುಗಳನ್ನೂ ಪಟ್ಟಿಗೆ ಸೇರಿಸಿದವು. 2023ರ ಏಪ್ರಿಲ್‌ನಿಂದ ಜಾರಿಗೆ ಬಂದ ನಿಯಮಗಳು ಪಟ್ಟಿಯನ್ನು 106 ಬಗೆಯ ಉಪಕರಣಗಳಿಗೆ ಹಿಗ್ಗಿಸಿದವು. ಇವೆಲ್ಲದರ ಬೆನ್ನೆಲುಬಾದ ತತ್ತ್ವಕ್ಕೆ ಉತ್ಪಾದಕರ ವಿಸ್ತೃತ ಹೊಣೆಗಾರಿಕೆ ಎಂದು ಹೆಸರು. ವಸ್ತುವನ್ನು ತಯಾರಿಸಿ ಮಾರಿದವನೇ ಅದರ ಅಂತ್ಯಸಂಸ್ಕಾರದ ಖರ್ಚನ್ನೂ ಹೊರಬೇಕೆಂಬುದು ಅದರ ಸಾರ.

ತತ್ತ್ವ ಸರಿಯಾಗಿದೆ, ದೂರ ಮಾತ್ರ ಹೆಚ್ಚು. ದಾಬಸ್‌ಪೇಟೆಗೆ ಪಾಲಿಬೆಟ್ಟದಿಂದ 200 ಕಿಲೋಮೀಟರಿಗೂ ಹೆಚ್ಚಿನ ದಾರಿ. ಐದು ಮಿಲಿಗ್ರಾಮಿನಷ್ಟು ಪಾದರಸವಿರುವ ಒಂದು ಸಿಎಫ್‌ಎಲ್ ಬಲ್ಬಿಗಾಗಿ ಅಷ್ಟು ದೂರ ಹೋಗುವ ವಾಹನವಿಲ್ಲ. 2015ರಲ್ಲಿ ಆರಂಭವಾದ ಉಜಾಲಾ ಯೋಜನೆ ದೇಶದ ಮನೆಗಳಿಗೆ ಅಗ್ಗದ ಎಲ್‌ಇಡಿ ಬಲ್ಬುಗಳನ್ನು ತಂದಾಗ ಸಿಎಫ್‌ಎಲ್‌ಗಳು ಒಮ್ಮೆಗೇ ನಿರುಪಯುಕ್ತವಾದವು. ಹೊಸ ಬಲ್ಬು ಹಂಚುವುದಕ್ಕಿದ್ದ ಉತ್ಸಾಹ ಹಳೆಯದನ್ನು ಹಿಂದಕ್ಕೆ ಪಡೆಯುವುದರಲ್ಲಿ ಕಾಣಲಿಲ್ಲ. ಕೊಡೈಕನಾಲಿನಲ್ಲಿ 2001ರ ಮಾರ್ಚಿನಲ್ಲಿ ಥರ್ಮಾಮೀಟರ್ ಕಾರ್ಖಾನೆಯ ಪಾದರಸ ಮೆತ್ತಿದ ಗಾಜು ಊರೊಳಗಿನ ಗುಜರಿ ಅಂಗಳದಲ್ಲಿ ಸಿಕ್ಕಾಗ ದೇಶವೇ ಬೆಚ್ಚಿತು, ಕಾರ್ಖಾನೆ ಮುಚ್ಚಿತು, ಪಾದರಸದ ತ್ಯಾಜ್ಯವನ್ನು ಹಡಗಿನಲ್ಲಿ ಅಮೆರಿಕಕ್ಕೆ ಕಳುಹಿಸಬೇಕಾಯಿತು. ಒಂದು ಕಾರ್ಖಾನೆಯ ತಪ್ಪನ್ನು ಹಿಡಿಯುವುದು ಸುಲಭ. ಸಾವಿರಾರು ಮನೆಗಳ ಹಿತ್ತಿಲಲ್ಲಿ ಹಂಚಿಹೋದ ಪಾದರಸಕ್ಕೆ ಆಪಾದಿತನೇ ಇರುವುದಿಲ್ಲ.

ಘನತ್ಯಾಜ್ಯದ 2016ರ ನಿಯಮಗಳು ಮನೆಯ ಅಪಾಯಕಾರಿ ತ್ಯಾಜ್ಯ ಎಂಬ ವರ್ಗವನ್ನು ವ್ಯಾಖ್ಯಾನಿಸಿ, ಬಣ್ಣದ ಡಬ್ಬಿ, ಕೀಟನಾಶಕದ ಡಬ್ಬಿ, ಸಿಎಫ್‌ಎಲ್, ಟ್ಯೂಬ್‌ಲೈಟು, ಅವಧಿ ಮೀರಿದ ಔಷಧ, ಒಡೆದ ಥರ್ಮಾಮೀಟರು, ಬಳಸಿದ ಬ್ಯಾಟರಿ, ಸೂಜಿ, ಸಿರಿಂಜುಗಳನ್ನು ಅದರಡಿ ಸೇರಿಸಿದವು. ಇವುಗಳನ್ನು ಒಪ್ಪಿಸಲು 20 ಚದರ ಕಿಲೋಮೀಟರಿಗೆ ಒಂದರಂತೆ ಸಂಗ್ರಹ ಕೇಂದ್ರ ತೆರೆಯಬೇಕೆಂದೂ ಹೇಳಿದವು. ಇಷ್ಟು ಒಳ್ಳೆಯ ನಿಯಮದ ಅನ್ವಯದ ವಿಧಿಯಲ್ಲಿ ನಗರ ಸ್ಥಳೀಯ ಸಂಸ್ಥೆಗಳು, ಜನಗಣತಿಯ ಪಟ್ಟಣಗಳು, ಕೈಗಾರಿಕಾ ಪ್ರದೇಶಗಳು, ಯಾತ್ರಾಸ್ಥಳಗಳಂಥ ಹೆಸರುಗಳಿದ್ದವೇ ಹೊರತು ಸಾಮಾನ್ಯ ಗ್ರಾಮ ಪಂಚಾಯಿತಿ ಇರಲಿಲ್ಲ. ಹಳ್ಳಿಯಲ್ಲಿ ಕೊಳೆಯುವ ಕಸ ಮಾತ್ರ ಹುಟ್ಟುತ್ತದೆಂಬ ಹಳೆಯ ಕಲ್ಪನೆ ಕಾನೂನು ಬರೆದವರನ್ನು ಆಗಲೂ ಬಿಟ್ಟಿರಲಿಲ್ಲ. ತೋಟಸೀಮೆಯ ಪಂಚಾಯಿತಿಗಳಲ್ಲಾದರೋ ಸಿಂಪರಣೆಯ ಔಷಧದ ಬಾಟಲಿಯಿಂದ ಹಿಡಿದು, ಅಸ್ಸಾಂ, ಬಂಗಾಳಗಳಿಂದ ಬಂದ ಹೊಸ ಪೀಳಿಗೆಯ ಕಾರ್ಮಿಕರ ಮೊಬೈಲಿನ ತನಕ, ಪೇಟೆಯಲ್ಲಿರುವ ಎಲ್ಲವೂ, ಪೇಟೆಯಲ್ಲಿಲ್ಲದ ಕೆಲವೂ ಇವೆ.

ಈ ತೆರಪನ್ನು ತುಂಬಿದ್ದು ಬಚ್ಚಲೊಲೆ. ಸ್ನಾನದ ನೀರು ಕಾಯಿಸುವ ಈ ಒಲೆಗೆ ಕಾಫಿ ಸೌದೆಯ ಜೊತೆಗೆ ಕಾಗದ, ಪ್ಲಾಸ್ಟಿಕ್ ಹಾಳೆ, ಹಳೆ ವೈರಿನ ತುಂಡು, ಔಷಧದ ಪ್ಯಾಕೆಟ್ಟುಗಳೂ ಹೋಗುತ್ತವೆ, ಬೂದಿ ತೆಂಗಿನ ಬುಡಕ್ಕೋ ಕಾಫಿ ಗಿಡಕ್ಕೋ ಬೀಳುತ್ತದೆ. ವೈರಿನ ಹೊದಿಕೆಯಾದ ಪಿವಿಸಿಯನ್ನು ಕಡಿಮೆ ಉಷ್ಣದಲ್ಲಿ ಸುಟ್ಟರೆ ಡಯಾಕ್ಸಿನ್ ಎಂಬ ಅತಿವಿಷಕಾರಿ ಸಂಯುಕ್ತಗಳು ಹುಟ್ಟುತ್ತವೆಂಬುದು ರಸಾಯನಶಾಸ್ತ್ರಕ್ಕೆ ತಿಳಿದ ವಿಷಯ, ಬಚ್ಚಲುಮನೆಗೆ ಇನ್ನೂ ತಿಳಿಯಬೇಕಾದ ವಿಷಯ. 2018 ಮತ್ತು 2019ರ ಆಗಸ್ಟ್ ತಿಂಗಳುಗಳ ಪ್ರವಾಹ, ಭೂಕುಸಿತಗಳಲ್ಲಿ ಈ ಬಗೆಯ ವಿಲೇವಾರಿಯೂ ಕೈಕೊಟ್ಟಿತು. 2019ರಲ್ಲಿ ಸಿದ್ದಾಪುರದ ಬಳಿಯ ಕರಡಿಗೋಡು ಮತ್ತು ನೆಲ್ಯಹುದಿಕೇರಿಯಲ್ಲಿ ಕಾವೇರಿ ಮನೆಗಳಿಗೆ ನುಗ್ಗಿದಾಗ ಮಿಕ್ಸಿ, ಟಿ.ವಿ., ಫ್ರಿಜ್ಜುಗಳೂ, ಮೂಲೆಯಲ್ಲಿಟ್ಟ ಔಷಧದ ಡಬ್ಬಿಗಳೂ ಒಂದೇ ರಾತ್ರಿಯಲ್ಲಿ ಕಸವಾದವು. ಪರಿಹಾರದ ಲೆಕ್ಕದಲ್ಲಿ ಅವು ಕಳೆದುಹೋದ ಆಸ್ತಿಯಾಗಿ ಕಂಡವು, ವಿಲೇವಾರಿಯಾಗಬೇಕಾದ ವಸ್ತುವಾಗಿ ಕಾಣಲಿಲ್ಲ.

ಈಚೆಗೆ ಕರ್ನಾಟಕದ ಗ್ರಾಮ ಪಂಚಾಯಿತಿಗಳಲ್ಲಿ ಸ್ವಚ್ಛ ಸಂಕೀರ್ಣ ಎಂಬ ಹೆಸರಿನ ಒಣಕಸ ವಿಂಗಡಣೆಯ ಘಟಕಗಳು ಬಂದಿವೆ, ಸ್ವಸಹಾಯ ಸಂಘಗಳ ಮಹಿಳೆಯರೇ ಕಸದ ವಾಹನವನ್ನು ಓಡಿಸುವ ವ್ಯವಸ್ಥೆಯೂ ಹಲವೆಡೆ ಇದೆ. ಗುಜರಿಯವನು ಎರಡು ಪೀಳಿಗೆ ಕಾಲ ಮಾಡಿದ ಕೆಲಸಕ್ಕೆ ಸರಕಾರದ ಮುದ್ರೆ ಬಿದ್ದಂತಾಗಿದೆ. ಆದರೆ ಈ ಘಟಕಗಳ ಆದಾಯವೂ ಮಾರಾಟವಾಗುವ ಪ್ಲಾಸ್ಟಿಕ್, ರಟ್ಟು, ಲೋಹಗಳಿಂದಲೇ ಬರಬೇಕು. ಟ್ಯೂಬ್‌ಲೈಟನ್ನು, ಸತ್ತ ಸೆಲ್ಲನ್ನು, ಕೀಟನಾಶಕದ ಬಾಟಲಿಯನ್ನು ಸುರಕ್ಷಿತವಾಗಿ ಕೂಡಿಟ್ಟು ಸಾಗಿಸಿದರೆ ಅವರಿಗೆ ಬರುವುದೇನೂ ಇಲ್ಲ, ಹೋಗುವುದೇ ಎಲ್ಲ. 2016ರ ಇ-ತ್ಯಾಜ್ಯ ನಿಯಮಗಳು ಕೊಳ್ಳುವಾಗಲೇ ಸ್ವಲ್ಪ ಠೇವಣಿ ಪಡೆದು, ಹಳೆಯದನ್ನು ಮರಳಿಸಿದಾಗ ಅದನ್ನು ಹಿಂದಿರುಗಿಸುವ ಪದ್ಧತಿಗೆ ಅವಕಾಶ ಕೊಟ್ಟಿದ್ದವು, ಆದರೆ ಅದನ್ನು ಕಡ್ಡಾಯ ಮಾಡಲಿಲ್ಲ. ಸೀಸದ ಬ್ಯಾಟರಿಗೆ 2001ರಲ್ಲಿ ದೊರೆತ ಮರುಖರೀದಿಯ ಏರ್ಪಾಟು ಬಲ್ಬಿಗೂ ಸೆಲ್ಲಿಗೂ ವಿಷದ ಡಬ್ಬಿಗೂ ಠೇವಣಿಯ ರೂಪದಲ್ಲಿ ದೊರೆಯಬೇಕು, ಅದರ ಖರ್ಚನ್ನು ಅವುಗಳನ್ನು ತಯಾರಿಸಿ ಮಾರಿದವರು ಕೊಡಬೇಕು. ಅಲ್ಲಿಯವರೆಗೆ ಪಾಲಿಬೆಟ್ಟದಂಥ ಊರುಗಳ ಪಂಚಾಯಿತಿಗಳು ಮಾಡಬಹುದಾದ ಕೆಲಸ ಒಂದಿದೆ: ಇವನ್ನು ಒಣಕಸದೊಡನೆ ಬೆರೆಸದೆ ಮಳೆ ತಾಗದ ಕೋಣೆಯೊಂದರಲ್ಲಿ ಕೂಡಿಟ್ಟು, ವರ್ಷಕ್ಕೊಮ್ಮೆಯಾದರೂ, ಮುಂಗಾರು ಆರಂಭವಾಗುವ ಮೊದಲು, ಅನುಮತಿ ಪಡೆದ ಸಂಸ್ಕರಣ ಘಟಕಕ್ಕೆ ಕಳುಹಿಸುವುದು.